ಸಪ್ಪೆ ನೀರು

28 ಸೆಪ್ಟೆಂಬರ್, ಭಾನುವಾರ

ಕಾರು ತೆಗೆದೆ. ಸರಸ್ವತಿಪುರಂನಿಂದ ರಿಂಗ್ ರಸ್ತೆವರೆಗೆ ಹೋಗಿ ವಾಪಸ್. ಏರ್ ಫಿಲ್ಟರ್ ಬಿಚ್ಚಿ ಕೊಡವಿದೆ — ದಸರಾ ಟ್ರಾಫಿಕ್, ಕಪ್ಪಗಾಗಿತ್ತು. ಕೂಲೆಂಟ್ ಸರಿಯಿದೆ.

ಸಿಗ್ನಲ್‌ನಲ್ಲಿ ಪಕ್ಕದ ಆಟೋದವನು ಕೂಗಿದ. “ಅಕ್ಕಾ, ಗಾಡಿ ಲೀಕಾಯ್ತಾ ಅದೆ!”

“ಲೀಕಲ್ಲಣ್ಣ. ಹೈಡ್ರೋಜನ್ ಗಾಡಿ. ಹೊಗೆ ಬದಲು ನೀರು ಬಿಡುತ್ತೆ.”

“ಅಂಗಾರೆ ಕುಡಿಯಕ್ಕಾಯ್ತದಾ?”

“ನಮ್ಮನೆಯೋರು ಕುಡಿದಿದ್ರು.”

ಹಸಿರು ಬಿತ್ತು. ಅವನು ನಗುತ್ತಾ ಹೋದ.

ನಾನು ಕುಡಿದಿಲ್ಲ. ಕಾರು ಮನೆಗೆ ಬಂದ ದಿನ ಸಿದ್ದೇಶ್ ಲೋಟ ಹಿಡಿದು ಹಾಲ್ ತುಂಬಾ ಅಟ್ಟಿಸಿಕೊಂಡು ಬಂದಿದ್ದ. ಸೈಲೆನ್ಸರ್ ನೀರು ನೀನೇ ಕುಡಿ ಎಂದಿದ್ದೆ. ಕುಡಿದ. ಮಾವನಿಗೂ ಕುಡಿಸಿದ.

1 ಅಕ್ಟೋಬರ್, ಬುಧವಾರ

ಆಯುಧಪೂಜೆ. ನಮ್ಮಲ್ಲಿ ಮಾಡುವುದಿಲ್ಲ, ಮಾವ ದೀಕ್ಷೆ ತೆಗೆದುಕೊಂಡ ವರ್ಷವೇ ನಿಂತಿತು. ಎದುರುಮನೆ ಭವ್ಯಶ್ರೀ ಅವರು ತಮ್ಮ ಸ್ಕೂಟರ್ ಪೂಜೆ ಮುಗಿಸಿ ನಿಂಬೆಹಣ್ಣು ಹಿಡಿದು ಗೇಟಿನಲ್ಲಿ ನಿಂತರು. “ನಿಮ್ಮ ಕಾರಿಗೂ ಇಡಲಾ? ಬೇಜಾರು ಮಾಡ್ಕೋಬೇಡಿ...”

ಮಾವ ಕುರ್ಚಿಯಿಂದಲೇ ಹೇಳಿದರು. “ನಾವ್ ಬೌದ್ಧರಾದೋ. ಗಾಡಿ ಇನ್ನೂ ಆಗಿಲ್ಲ ಕಣಮ್ಮ. ಇಡು.”

ಕರ್ಪೂರ ಮಾತ್ರ ಬೇಡ ಎಂದೆ. ಟ್ಯಾಂಕ್ ಹತ್ತಿರ ಬೆಂಕಿ ಬೇಡ.

6 ಅಕ್ಟೋಬರ್, ಸೋಮವಾರ. ಹುಣ್ಣಿಮೆ

ಊರಿಗೆ ಹೋಗಿಬಂದೆವು. ನಂಜನಗೂಡು ರಸ್ತೆ ಖಾಲಿ. ತೋಟದ ಮೂಲೆಯಲ್ಲಿ ಸಿದ್ದೇಶ್‌ನನ್ನು ಮಣ್ಣು ಮಾಡಿದ ಜಾಗ. ತಲೆಯ ಕಡೆ ಹೊಂಗೆ ಸಸಿ, ಈಗ ನನ್ನ ಸೊಂಟದುದ್ದ.

ಎಂದಿನಂತೆ. ಮಾವ ಪೈಪಿನ ಕೆಳಗೆ ಬಾಟಲಿ ಹಿಡಿದರು. ನಾನು ಒಳಗೆ ಕೂತು ನೀರು ಬಿಡುವ ಬಟನ್ ಒತ್ತಿದೆ. ತುಂಬಿದ ಬಾಟಲಿಯನ್ನು ಸೆರಗಿನಲ್ಲಿ ಒರೆಸಿ ಅವರ ಕೈಗೆ ಕೊಟ್ಟೆ. ಒಂದು ಗುಟುಕು ಕುಡಿದರು. “ಸಪ್ಪೆ,” ಎಂದರು. “ನನ್ ಮಗ ಮಾಡಿದ್ ನೀರು, ಬರೀ ಸಪ್ಪೆ.” ನಕ್ಕರು. ಉಳಿದದ್ದನ್ನು ಸಸಿಗೆ ಹಾಕಿ ಕೈಮುಗಿದರು. ಬುದ್ಧಂ ಶರಣಂ ಗಚ್ಛಾಮಿ ಎಂದು ತ್ರಿಶರಣ ಹೇಳಿದೆವು.

ಸಸಿ ಬದುಕಿರುವುದು ಪಕ್ಕದ ಜಮೀನಿನ ಮೂಗಯ್ಯ ದಿನವೂ ಹಾಕುವ ಕೊಡ ನೀರಿನಿಂದ. ಮಾವನಿಗೂ ಗೊತ್ತು. ಆದರೆ ಏಪ್ರಿಲ್‌ನಲ್ಲಿ, ಸಿದ್ದೇಶ್ ತಾನು ಈ ಕಾರು ಮಾಡುತ್ತಿದ್ದ ಫ್ಯಾಕ್ಟರಿಯಲ್ಲೇ ಎದೆ ಹಿಡಿದುಕೊಂಡು ಬಿದ್ದು ತೀರಿಕೊಂಡ ಮೇಲೆ, ಮಾವ ಮಂಚ ಬಿಟ್ಟು ಏಳಲೇ ಇಲ್ಲ. ಊಟ ಮುಟ್ಟಲಿಲ್ಲ. ಅವರನ್ನು ಎಬ್ಬಿಸಿದ್ದು ಈ ನೀರು. “ಅವನ್ ಗಾಡಿ ನೀರ ಅವನಿಗೇ ಆಕ್ಬೇಕು ಕಣವ್ವ,” ಎಂದು ಒಂದು ಬೆಳಿಗ್ಗೆ ತಾವೇ ಶರ್ಟ್ ಹಾಕಿಕೊಂಡು ಬಂದು ಕಾರಿನಲ್ಲಿ ಕೂತರು.

ಅದಕ್ಕೇ ಈ ಕಾರು. ಇಲ್ಲದಿದ್ದರೆ ನನಗೇಕೆ.

26 ಅಕ್ಟೋಬರ್, ಭಾನುವಾರ

ಸಿದ್ದೇಶ್ ಜೊತೆ ಫ್ಯಾಕ್ಟರಿಯಲ್ಲಿದ್ದ ರಾಹುಲ್ ಫೋನ್ ಮಾಡಿದ್ದ. ಮೇಟಗಳ್ಳಿಯ ಹೈಡ್ರೋಜನ್ ಪಂಪ್ ಮುಚ್ಚುತ್ತಾರಂತೆ, ಈ ತಿಂಗಳಿಗೇ ಕೊನೆ. ಮೈಸೂರಿನಲ್ಲಿ ನಮಗಿರುವುದು ಅದೊಂದೇ, ಫ್ಯಾಕ್ಟರಿ ಕಾಂಪೌಂಡಿನ ಒಳಗೆ. ಟ್ರಯಲ್ ಮುಗಿಯಿತು, ಕಾರುಗಳನ್ನು ವಾಪಸ್ ತೆಗೆದುಕೊಂಡು ಬಿಚ್ಚುತ್ತಾರೆ. ನಮ್ಮದನ್ನು ಸಿದ್ದೇಶ್ ಹಟ ಮಾಡಿ ಕೊಂಡಿದ್ದ, ಕೊಡಲೇಬೇಕೆಂದಿಲ್ಲ.

“ಆದ್ರೆ ಅತ್ತಿಗೆ, ಇಟ್ಕೊಂಡು ಏನ್ ಮಾಡ್ತೀರಾ? ಗ್ಯಾಸ್ ಎಲ್ಲಿಂದ ತರ್ತೀರಾ?”

ಮಾವನಿಗೆ ಹೇಳಲಿಲ್ಲ.

31 ಅಕ್ಟೋಬರ್, ಶುಕ್ರವಾರ

ಪಾಠ ಮಾಡುವ ಟ್ಯುಟೋರಿಯಲ್‌ಗೆ ರಜೆ ಹಾಕಿ ಮೇಟಗಳ್ಳಿಗೆ ಹೋದೆ. ಪಂಪ್‌ನಲ್ಲೇ ಒತ್ತಡ ಇಲ್ಲ, ಅರ್ಧ ಟ್ಯಾಂಕೂ ತುಂಬಲಿಲ್ಲ. ರಾಹುಲ್ ನಳಿಕೆ ತೆಗೆದು ಮತ್ತೆ ಹಾಕಿದ. ಮತ್ತೆ ತೆಗೆದು ಹಾಕಿದ. “ಸಿದ್ದೇಶಣ್ಣ ಇದ್ದಿದ್ರೆ ಬೈಕೊಂಡಾದ್ರೂ ತುಂಬಿಸೋರು,” ಎಂದ. ಅತ್ತ ತಿರುಗಿ ಕನ್ನಡಕ ಒರೆಸಿಕೊಂಡ. ಅವನಿಗೂ ಸೋಮವಾರದಿಂದ ಕೆಲಸ ಇಲ್ಲ, ನಾನು ಕೇಳಲೇ ಇಲ್ಲ. ಮನೆಗೆ ಬಂದ ಮೇಲೆ ಹೊಳೆಯಿತು.

5 ನವೆಂಬರ್, ಬುಧವಾರ. ಹುಣ್ಣಿಮೆ

ಊರು. ಎಸಿ ಹಾಕಲಿಲ್ಲ. ನಿಧಾನಕ್ಕೆ ಓಡಿಸಿದೆ.

“ಯಾಕವ್ವ, ಎತ್ತಿನಗಾಡಿ ಓಡಿಸ್ತಿದೀಯಾ?” ಮಾವ.

“ರಸ್ತೆ ಸರಿಯಿಲ್ಲ ಮಾವ.”

ರಸ್ತೆ ಚೆನ್ನಾಗಿಯೇ ಇತ್ತು.

16 ನವೆಂಬರ್, ಭಾನುವಾರ

ಓಡಿಸಿದರೆ ಗ್ಯಾಸ್ ಮುಗಿಯುತ್ತದೆ. ಓಡಿಸದೆ ನಿಲ್ಲಿಸಿದರೆ ಗ್ಯಾಸಿನಿಂದ ಕರೆಂಟ್ ಮಾಡುವ ಒಳಗಿನ ಪೊರೆ ಒಣಗುತ್ತದೆ. ವಾರಕ್ಕೊಮ್ಮೆ ಓಡಿಸು, ನಿಲ್ಲಿಸಿ ಮಾತ್ರ ಇಡಬೇಡ — ಸಿದ್ದೇಶ್ ಹೇಳಿದ್ದು. ಗ್ಯಾಸ್ ಇಲ್ಲದಿದ್ದರೆ ಏನು ಮಾಡಬೇಕು ಎಂದು ಹೇಳಿರಲಿಲ್ಲ.

ಇವತ್ತು ಶೆಡ್ಡಿನಲ್ಲೇ ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿ ಆಫ್ ಮಾಡಿದೆ.

4 ಡಿಸೆಂಬರ್, ಗುರುವಾರ. ಹುಣ್ಣಿಮೆ

ಹೋಗುವಾಗಲೇ ಹಳದಿ ಲೈಟು. ಮಾವ ನೋಡಿದರು. ಮೂವತ್ತು ವರ್ಷ ಸರ್ಕಾರಿ ಬಸ್ ಓಡಿಸಿದವರು.

ಬಾಟಲಿ ತುಂಬಿದ ಮೇಲೆ, “ಇನ್ನೊಂದ್ ಬಾಟ್ಲಿ ಅದೆಯೇನವ್ವ?” ಎಂದರು. ಸೀಟಿನ ಕೆಳಗೆ ಒಂದು ಚಿಕ್ಕದಿತ್ತು. ಅದಕ್ಕೂ ಹಿಡಿದರು. ಕೊನೆಗೆ ಹನಿಹನಿ ಬಿತ್ತು, ಅದೂ ನಿಲ್ಲುವವರೆಗೆ ಬಾಗಿಕೊಂಡೇ ಇದ್ದರು.

ವಾಪಸ್ ಬರುವಾಗ ಕೆಂಪು ಲೈಟು. ಹೇಗೋ ಮನೆ ಸೇರಿತು. ಗೇಟಿನೊಳಗೆ ತಳ್ಳಬೇಕಾಯಿತು, ಭವ್ಯಶ್ರೀ ಅವರೂ ಕೈ ಹಾಕಿದರು.

3 ಜನವರಿ, ಶನಿವಾರ. ಹುಣ್ಣಿಮೆ

ಸುಳ್ಳು ಹೇಳಿದೆ.

ನಿನ್ನೆಯೇ ಯೋಚಿಸಿ ಇಟ್ಟುಕೊಂಡಿದ್ದೆ. “ಬ್ಯಾಟರಿ ಸರಿಯಿಲ್ಲ ಮಾವ, ಅಷ್ಟು ದೂರ ಬರಲ್ಲ. ಮನೆ ಹತ್ರಾನೇ ಸ್ಟಾರ್ಟ್ ಮಾಡಿ ನೀರು ಹಿಡಿದಿಟ್ಟಿದೀನಿ. ಕ್ಯಾಬ್‌ನಲ್ಲಿ ಹೋಗೋಣ.” ಬಾಟಲಿಯಲ್ಲಿದ್ದದ್ದು ಅಡುಗೆಮನೆ ನಲ್ಲಿಯ ನೀರು. ಹಿಡಿದು, ಮುಚ್ಚಳ ಹಾಕಿ, ಎಂದಿನಂತೆ ಸೆರಗಿನಲ್ಲಿ ಒರೆಸಿ ಕೊಟ್ಟೆ.

ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಸಸಿಯ ಹತ್ತಿರ ಒಂದು ಗುಟುಕು ಕುಡಿದರು. ನಾನು ಮೂಗಯ್ಯನ ಜಮೀನಿನ ಕಡೆ ನೋಡುತ್ತಿದ್ದೆ. “ಹೂಂ,” ಎಂದರು. ಅಷ್ಟೇ. ಸಸಿಗೆ ಹಾಕಿದರು.

ನಂಬಿದರು ಅನ್ನಿಸುತ್ತದೆ.

1 ಫೆಬ್ರವರಿ, ಭಾನುವಾರ. ಹುಣ್ಣಿಮೆ

ಮತ್ತೆ ಅದೇ. ಕ್ಯಾಬ್, ನಲ್ಲಿ ನೀರು, “ಹೂಂ”. ಹೊಂಗೆ ಚಿಗುರಿದೆ.

24 ಫೆಬ್ರವರಿ, ಮಂಗಳವಾರ

ರಾಹುಲ್ ಬಂದಿದ್ದ. ಈಗ ಹೂಟಗಳ್ಳಿಯಲ್ಲಿ ಯಾವುದೋ ಜನರೇಟರ್ ಕಂಪನಿ. ತನ್ನ ಮೀಟರ್ ಹಚ್ಚಿ ನೋಡಿದ. ಒಣಗಿಹೋಗಿದೆ, ಇನ್ನು ಗ್ಯಾಸ್ ಸಿಕ್ಕಿದರೂ ಪ್ರಯೋಜನವಿಲ್ಲ ಎಂದ. ಹಳೇ ಕಂಪನಿ ಈ ವಾರ ಕೊನೆಯ ಲಾರಿ ಕಳಿಸುತ್ತದೆ. “ಇಲ್ಲೇ ತುಕ್ಕು ಹಿಡಿಯೋದು ಬೇಡ ಅತ್ತಿಗೆ.”

ಸರಿ ಎಂದೆ. ನನ್ನಿಂದ ಉಳಿಸಿಕೊಳ್ಳಲು ಆಗಲಿಲ್ಲ.

27 ಫೆಬ್ರವರಿ, ಶುಕ್ರವಾರ

ಲಾರಿ ಬಂತು. ಹಗ್ಗ ಕಟ್ಟಿ ಎಳೆದು ಹತ್ತಿಸಿದರು. ಮುಂದಿನ ಚಕ್ರದಲ್ಲಿ ದಸರಾದ ನಿಂಬೆಹಣ್ಣಿನ ಒಣಗಿದ ಸಿಪ್ಪೆ ಅಂಟಿಕೊಂಡೇ ಇತ್ತು.

ಮಾವ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಲಾರಿ ತಿರುವು ದಾಟುವವರೆಗೂ ನೋಡಿದರು. ಆಮೇಲೆ, ನನ್ನ ಕಡೆ ನೋಡದೆ:

“ಎರಡು ಹುಣ್ಣಿಮೆಯಿಂದ ನಲ್ಲಿ ನೀರು ಅಲ್ವೇನವ್ವ?”

ಶೆಡ್ಡಿನ ನೆಲದ ಮೇಲೆಯೇ ಕೂತೆ.

“ಗೊತ್ತಿತ್ತಾ ಮಾವ?”

“ಬಾಯ್ಗಿಟ್ಟೇಟ್ಗೇ ಗೊತ್ತಾಯ್ತು. ನಲ್ಲಿ ನೀರ್ಗೆ ರುಚಿ ಅದೆ. ಅವನ್ದು ಸಪ್ಪೆ.”

“ಯಾಕೆ ಹೇಳಲಿಲ್ಲ?”

“ಎಂಗೆ ಏಳ್ಲಿ? ನೀನ್ ಬಾಟ್ಲೀನ ಅಂಗ್ ಒರ್ಸಿ ಕೊಡ್ತಿದ್ದೆ...” ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ನಾನೂ ಸುಮ್ಕಿದ್ರೆ ನಿಂಗೆ ಒಸಿ ನೆಮ್ದಿ ಅಂತ ಸುಮ್ಕಾಗ್ಬುಟ್ಟೆ.”

ರಾತ್ರಿಗೆ ಇಬ್ಬರೂ ಅಡುಗೆ ಬೇಡ ಎಂದೆವು. ಆಮೇಲೆ ಅವರೇ ಎದ್ದು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಿಕೊಟ್ಟರು.

3 ಮಾರ್ಚ್, ಮಂಗಳವಾರ. ಹುಣ್ಣಿಮೆ

ಬಸ್ಸಿನಲ್ಲಿ ಹೋದೆವು. ಮಾವನದೇ ಆಯ್ಕೆ. ಮುಂದಿನ ಸೀಟು ಹಿಡಿದು, ಡ್ರೈವರ್ ಗೇರ್ ಹಾಕಿದಾಗಲೆಲ್ಲ ತಲೆ ಆಡಿಸುತ್ತಿದ್ದರು.

ಬಾಟಲಿ ಒಯ್ಯಲಿಲ್ಲ. ಮೂಗಯ್ಯನ ಕೊಡದಿಂದ ಸಸಿಗೆ ನಾನೇ ನೀರು ಹಾಕಿದೆ. ತ್ರಿಶರಣ ಹೇಳಿದೆವು. ಹೊರಡೋಣ ಎಂದು ಎದ್ದರೆ ಮಾವ ಏಳಲಿಲ್ಲ. ಚೀಲದಿಂದ ಆ ಚಿಕ್ಕ ಬಾಟಲಿ ತೆಗೆದರು — ಡಿಸೆಂಬರ್‌ನಲ್ಲಿ ಬಾಗಿಕೊಂಡು ಹಿಡಿದದ್ದು. ತುಂಬಿಯೇ ಇತ್ತು. ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ ದಾರ ಕಟ್ಟಿದ್ದರು.

“ಗಿಡಕ್ಕಾ ಮಾವ?”

“ಗಿಡಕ್ಕೆ ಮೂಗಯ್ಯ ಅವ್ನೆ. ಇದು ನಿಂಗೆ. ಅವತ್ತು ಅವ್ನು ಅಟ್ಟಿಸ್ಕೊಂಡ್ ಬಂದ್ರೂ ನೀನ್ ಕುಡೀನಿಲ್ವಲ್ಲ.”

ದಾರ ಬಿಚ್ಚಿದರು. ತಮ್ಮ ಪಂಚೆಯ ಅಂಚಿನಿಂದ ಬಾಟಲಿ ಒರೆಸಿ ಕೊಟ್ಟರು.

ಕುಡಿದೆ. ಹೌದು, ಸಪ್ಪೆ. ಮಣ್ಣಿನದಲ್ಲ, ಪೈಪಿನದಲ್ಲ, ಯಾವುದರ ರುಚಿಯೂ ಇಲ್ಲ. ನುಂಗದೆ ಬಾಯಲ್ಲೇ ಇಟ್ಟುಕೊಂಡಿದ್ದೆ.

“ಎಂಗದವ್ವ?” ಎಂದರು ಮಾವ.

ನಾನು ನುಂಗಿ, “ಸಪ್ಪೆ ಮಾವ,” ಎಂದೆ.