ಮಿರ್ಯಾಮಳಿಗಾಗಿ ಕಾದ ಏಳು ದಿನ

ಬ್ರೂಕ್ಲಿನ್, ಶುಕ್ರವಾರ

ತಿರ್ಜಾ,

ಇವತ್ತು ಬೆಳಿಗ್ಗೆ ಬೇಕರಿಯಲ್ಲಿ ನಮ್ಮ ಯೆಹೂದಿಗಳ ಸಬ್ಬತ್ತಿನ ಬ್ರೆಡ್ಡಿಗೆ ಸಾಲಿನಲ್ಲಿ ನಿಂತಿದ್ದೆ. ನಿನ್ನ ಅಮ್ಮ ಹಿಂದಿನಿಂದ ಬಂದು ತೋಳು ಹಿಡಿದರು.

"ಏನೇ, ದೊಡ್ಡ ಮನುಷ್ಯಳಾಗ್ಬಿಟ್ಟೆ! ನಿನ್ನ ಪಾಡ್‌ಕಾಸ್ಟ್ ಮೂರು ಸಲ ಕೇಳ್ದೆ ಕಣೇ. ನಮ್ಮ ಶಾಸ್ತ್ರದಲ್ಲಿ ಕಾಯಿಲೆ ಬಿದ್ದ ಮಿರ್ಯಾಮಳಿಗೋಸ್ಕರ ಇಡೀ ಜನ ಮರುಭೂಮೀಲಿ ಏಳು ದಿನ ಕಾದ್ರಲ್ಲ, ಹಾಗೆ ಕಾಯೋದೂ ಪ್ರಯಾಣವೇ ಅಂದ್ಯಲ್ಲ, ಎಲ್ಲಿ ಸಿಕ್ತೇ ಅದು?"

ಆಸ್ಪತ್ರೆಯಲ್ಲಿ, ನಾವಿಬ್ಬರೂ ಕೊನೆಯ ಸಲ ಕೂತು ಶಾಸ್ತ್ರ ಓದಿದ ದಿನ, ಅದನ್ನು ಹೇಳಿದವಳು ನೀನು.

"ಓದ್ತಾ ಓದ್ತಾ ಹೊಳೀತು, ಬ್ಲೂಮಾ ಆಂಟಿ," ಎಂದೆ.

"ನಮ್ಮ ತಿರ್ಜಾ ಇದ್ದಿದ್ರೆ ಹೀಗೇ ಹೇಳ್ತಿದ್ಲು ನೋಡು." ಅವರು ಕಣ್ಣೊರೆಸಿಕೊಂಡು ನನಗೂ ಒಂದು ಬ್ರೆಡ್ ಕೊಡಿಸಿದರು. ನಾನು ತೆಗೆದುಕೊಂಡೆ.

ಯಾರದೇ ಮಾತನ್ನು ಅವರ ಹೆಸರು ಹೇಳಿಯೇ ಹೇಳಬೇಕು, ಹಾಗೆ ಹೇಳಿದಾಗ ಸತ್ತವರ ತುಟಿ ಗೋರಿಯಲ್ಲಿ ಅಲುಗುತ್ತದೆ ಎಂಬುದನ್ನು ನಾವಿಬ್ಬರೂ ಒಟ್ಟಿಗೇ ಓದಿದ್ದೆವು. ಇದನ್ನೂ ನಾನು ಪಾಡ್‌ಕಾಸ್ಟಿನಲ್ಲಿ ಜನರಿಗೆ ಕಲಿಸಿದ್ದೇನೆ. ಮಿರ್ಯಾಮಳ ಕಂತನ್ನು ಹನ್ನೆರಡು ಸಾವಿರ ಜನ ಕೇಳಿದ್ದಾರಂತೆ. ಅವರೆಲ್ಲರ ಮಾತು ಬಿಡು. ನಿನ್ನ ಅಮ್ಮನ ಎದುರಿಗಾದರೂ ನಾನು ನಿನ್ನ ತುಟಿ ಅಲುಗಲು ಬಿಡಬಹುದಿತ್ತು.