ಮಾವ ಒಯ್ದ ನಾಜಲ್

ಮೇಚೇರಿ, ತೋಟದ ಮನೆ
3-2-2025, ಸೋಮವಾರ

ಪ್ರೀತಿಯ ಮಾವಯ್ಯನವರಿಗೆ,

ಮಗಳ ಮನೆಯಲ್ಲಿ ಹೇಗಿದ್ದೀರಿ? ಮೆಟ್ಟೂರಿನ ಗಾಳಿಗೆ ಕೆಮ್ಮು ಹೆಚ್ಚಿತೋ, ಇಳಿಯಿತೋ? ಫೋನಿನಲ್ಲಿ ನನ್ನ ದನಿ ಕೇಳಿದೊಡನೆ ಕಟ್ ಮಾಡುತ್ತೀರಿ, ಅದಕ್ಕೇ ಈ ಕಾಗದ. ನಿಮ್ಮ ಮಗಳು ಶಶಿರೇಖಾಗೆ ತಮಿಳು ಅಕ್ಷರ ಮಾತ್ರ ಬರುವುದು. ಕೊಳ್ಳೇಗಾಲದ ಸೊಸೆ ಬರೆದ ಕನ್ನಡವನ್ನು ನೀವೇ ಕನ್ನಡಕ ಏರಿಸಿಕೊಂಡು ಓದಬೇಕು. ನಮ್ಮ ಜಗಳ ನಮ್ಮಿಬ್ಬರಲ್ಲೇ ಇರಲಿ.

ಇಲ್ಲಿ ಎಲ್ಲ ಕ್ಷೇಮ. ಕರಿ ಕುರಿ ಅವಳಿ ಮರಿ ಹಾಕಿದೆ. ನಿಮ್ಮ ಮಗ ಮಾತ್ರ "ನೀನಾಯ್ತು, ಅಪ್ಪ ಆಯ್ತು, ನನ್ನ ಬುಟ್ಬುಡು ಸಾಮಿ" ಎಂದು ಸೇಲಂ ಶಿಫ್ಟಿಗೆ ಓಡಿಹೋಗುತ್ತಾರೆ. ಮಾವಿನ ಮರಗಳ ತುಂಬ ಹೂ.

ಪೊಂಗಲ್ ಕಳೆದ ಮೂರನೇ ಶುಕ್ರವಾರ ಹೂವಿಗೆ ಹುಳುವಿನ ಮದ್ದು ಹೊಡೆಯುವುದು ನಿಮ್ಮ ಪದ್ಧತಿ. ಹುಳುವಿಗೆ ಶುಕ್ರವಾರ ಯಾವುದೆಂದು ಗೊತ್ತಿಲ್ಲ ಮಾವಯ್ಯ, ಅದಕ್ಕೆ ಗೊತ್ತಿರುವುದು ಬಿಸಿ ಮಾತ್ರ. ದಿನದ ಅತಿ ಹೆಚ್ಚು ಬಿಸಿ, ಅತಿ ಕಡಿಮೆ ಬಿಸಿ ಎರಡನ್ನೂ ಕೂಡಿಸಿ ಅರ್ಧ ಮಾಡಿ, ಹುಳು ಬೆಳೆಯಲು ಬೇಕಾದ ಕನಿಷ್ಠ ಬಿಸಿಯನ್ನು ಕಳೆಯಬೇಕು. ಉಳಿದದ್ದನ್ನು ದಿನದಿನವೂ ಕೂಡುತ್ತ ಹೋಗಿ, ಮೊತ್ತ ಇಂತಿಷ್ಟು ಮುಟ್ಟಿದಾಗ ಹೂವಿನ ರಸ ಹೀರುವ ಜಿಗಿಹುಳುವಿನ ಮೊಟ್ಟೆ ಒಡೆಯುತ್ತದೆ. ಮೊಟ್ಟೆ ಹೂದಂಟಿನೊಳಗೆ ಇರುವಾಗ ಹೊಡೆದ ಮದ್ದು ಮೊಟ್ಟೆಗೆ ತಾಗುವುದಿಲ್ಲ, ಜೇನಿಗೂ ನಿಮ್ಮ ಎದೆಗೂ ತಾಗುತ್ತದೆ.

ಹೌದು, ಮೊದಲ ವಾರ ಥರ್ಮಾಮೀಟರನ್ನು ಕುರಿದೊಡ್ಡಿಯ ತಗಡಿನ ಕೆಳಗೆ ತೂಗುಹಾಕಿದ್ದು ನನ್ನದೇ ತಪ್ಪು. ಕಾದದ್ದು ತಗಡು, ತೋಟವಲ್ಲ. ಲೆಕ್ಕ ಓಡಿಬಿಟ್ಟಿತು, ನಾಳೆಯೇ ಹುಳು ಎಂದು ಸಾರಿಬಿಟ್ಟೆ, ಒಂದೂ ಬರಲಿಲ್ಲ. ನೀವು ವಿಶ್ವನಾಥನ್ ಅವರ ಮದ್ದಿನ ಅಂಗಡಿಯಲ್ಲಿ ನಿಂತು "ನಮ್ ಸೊಸೆ ಕುರಿಗೋಳ್ಗೆ ಜ್ವರ ನೋಡ್ತಾವ್ಳೆ" ಎಂದು ನಗಿಸಿದಿರಿ. ನಗಲಿ. ಧರ್ಮಪುರಿಯ ತೋಟಗಾರಿಕೆ ಮೇಡಂ ಹತ್ತಿರ ಆ ವಾರದ ಸರಿಯಾದ ಅಂಕಿ ತರಿಸಿ, ಥರ್ಮಾಮೀಟರನ್ನು ಮರದ ನೆರಳಿಗೆ ಕಟ್ಟಿ, ಮೊದಲಿನಿಂದ ಕೂಡಿದೆ. ಮೊಟ್ಟೆ ಒಡೆಯುವುದು ಈ ಗುರುವಾರದ ಹೊತ್ತಿಗೆ ಎಂದು ಬಂತು.

ಮೊನ್ನೆ ಶುಕ್ರವಾರ ನೀವು ಹೊರಲು ಹೊರಟ ಮದ್ದಿನ ಪಂಪಿಗೆ ಅಡ್ಡ ನಿಂತವಳೂ ನಾನೇ. "ನನ್ ದಿನ ಬ್ಯಾಡ ಅಂದ್ರೆ ನಿನ್ ದಿನಾನೂ ಬ್ಯಾಡ, ಅದೆಂಗ್ ಒಡೀತೀಯೋ ನೋಡೇಬುಡ್ತೀನಿ" ಎಂದು ಪಂಪಿನ ತುದಿಯಲ್ಲಿ ಮದ್ದು ಚಿಮ್ಮಿಸುವ ಹಿತ್ತಾಳೆ ನಾಜಲ್ ಬಿಚ್ಚಿ ಜೇಬಿಗೆ ಇಳಿಸಿಕೊಂಡು ಮೆಟ್ಟೂರು ಬಸ್ ಹತ್ತಿದಿರಿ. ನಾಜಲ್ ಇಲ್ಲದ ಪಂಪು ಬರೀ ಡಬ್ಬ, ಅದು ನಿಮಗೂ ಗೊತ್ತು.

ಕಳೆದ ವರ್ಷ ನಾಲ್ಕು ಸಲ ಹೊಡೆದಿರಿ. ಹೂವೂ ಕಪ್ಪಾಯಿತು, ನೀವೂ ಬೇವಿನ ಮರದ ಕೆಳಗೆ ವಾಂತಿ ಮಾಡಿಕೊಂಡು ಬಿದ್ದಿರಿ. ತಲೆ ಹಿಡಿದವಳು ನಾನು. ಆಗ ಭಯವಾಯಿತು, ಆಮೇಲೆ ಸಿಟ್ಟು ಬಂತು, ಆ ಸಿಟ್ಟು ಇನ್ನೂ ಇಳಿದಿಲ್ಲ. ಈ ವರ್ಷ ಒಂದೇ ಸಲ, ಈ ಶುಕ್ರವಾರ, ಜೇನು ಏಳುವ ಮೊದಲು. ಬೆಳೆ ಕೈಕೊಟ್ಟರೆ ಊರೆಲ್ಲ ನನ್ನನ್ನೇ ಬೈಯಲಿ. ನಾನು ಬಗ್ಗುವುದಿಲ್ಲ.

ಶಶಿರೇಖಾಗೂ ಮಕ್ಕಳಿಗೂ ನನ್ನ ನೆನಪು ಹೇಳಿ. ನಿಮ್ಮ ಕಾಲಿಗೆ ಬೀಳುತ್ತೇನೆ, ನಿಮ್ಮ ಹಟದ ಕಾಲಿಗಲ್ಲ.

ನಿಮ್ಮ ಸೊಸೆ,
ವಾಣಿಶ್ರೀ

ಮರೆತಿದ್ದೆ: ನಾಜಲ್ ಬಸ್ಸಿನವರ ಕೈಲಿ ಕಳಿಸಬೇಡಿ, ಹೊಸದು ತಂದಾಯಿತು. ಪಂಪು ಹೊರುವವಳು ನಾನು. ಆದರೆ ಮರದ ತುದಿಗೆ ಹನಿ ಹೇಗೆ ಮುಟ್ಟಿಸಬೇಕೋ ನನಗೆ ಬಾರದು. ಗುರುವಾರವೇ ಬನ್ನಿ. ಗಾಳಿ ಬೀಸಿ ಬರುವ ಕಡೆ ದೂರದಲ್ಲಿ ನಿಮಗೆ ಕುರ್ಚಿ ಹಾಕಿರುತ್ತೇನೆ, ಅಲ್ಲೇ ಕೂತು ಬೈಯುತ್ತ ಹೇಳಿಕೊಡಿ.