ಧೂಳಖೇಡ ಸೇತುವೆಯ ಬುಡದಲ್ಲಿ ಒಂದು ಬೇರಿಂಗ್

ಭೀಮಾ ನದಿಯ ದಕ್ಷಿಣ ದಂಡೆ, ಧೂಳಖೇಡ
ಎರಡನೇ ಬೇಸಿಗೆಯ ಮೂವತ್ತೆಂಟನೇ ತಾರೀಖು

ಸ್ಟೇರಿಂಗ್ ಹಿಡಿದು ಕೂತಿರುವ ನಮ್ಮ ಹಿರಿಯರಿಗೆ, ನಿಮ್ಮ ಮೊಮ್ಮಕ್ಕಳ ಮೊಮ್ಮಗ ಮಡಿವಾಳಪ್ಪ ಮಾಡುವ ನಮಸ್ಕಾರಗಳು. ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆಗಾಲ ಕೈಕೊಟ್ಟ ಮೇಲೆ ನಾವು ಬೇಸಿಗೆಯನ್ನು ಎರಡು ಪಾಲು ಮಾಡಿ, ತಿಂಗಳುಗಳನ್ನು ಉದ್ದ ಮಾಡಿಕೊಂಡೆವು. ನಿಮ್ಮ ಎಣಿಕೆಯಲ್ಲಿ ಇದು ನೂರೈವತ್ತು ವರ್ಷ ಆಚೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಕಲಿತದ್ದು ಊರ ಶಾಲೆಯಲ್ಲಿ ಆರನೇ ಇಯತ್ತೆ, ಅದೂ ಮಾಸ್ತರರು ಬೇಸತ್ತು ದಾಟಿಸಿದ್ದಕ್ಕೆ. ಆದರೆ ಕಿವಿಯ ವಿಷಯದಲ್ಲಿ ಈ ದಂಡೆಯ ಮೇಲೆ ನನ್ನನ್ನು ಮೀರಿಸಿದವನಿಲ್ಲ. ಕಾರು ತಿರುವು ದಾಟುವುದರೊಳಗೆ ಅದರ ಗೇರಿನ ಯಾವ ಹಲ್ಲು ಸವೆದಿದೆ ಎಂದು ಹೇಳಬಲ್ಲೆ. ಊರಿನವರು ಇದನ್ನು ಜಂಬ ಎನ್ನುತ್ತಾರೆ. ಊರಿನವರಿಗೆ ಕಿವಿಯೇ ಇಲ್ಲ.

ನಮ್ಮಲ್ಲಿ ಊರಿಗೊಂದೇ ಕಾರು. ನಮ್ಮೂರಿನದನ್ನು ಓಡಿಸುವವನೂ ರಿಪೇರಿ ಮಾಡುವವನೂ ನಾನೇ. ಎಲ್ಲವೂ ನಿಮ್ಮ ಕಾಲದ ಎಲೆಕ್ಟ್ರಿಕ್ ಕಾರುಗಳೇ. ಹೊಸದನ್ನು ಮಾಡುವ ಕಾರ್ಖಾನೆ ಎಲ್ಲೂ ಉಳಿದಿಲ್ಲ. ಬ್ಯಾಟರಿಯನ್ನು ಉಪ್ಪಿನಿಂದ ನಾವೇ ಕಟ್ಟಿಕೊಳ್ಳುತ್ತೇವೆ, ಮಿಕ್ಕದ್ದೆಲ್ಲ ನಿಮ್ಮ ಬಳುವಳಿ. ಪ್ರತಿ ಕಾರಿಗೂ ಒಂದು ಕೂಗುಪೆಟ್ಟಿಗೆ ಇರುತ್ತದೆ. ಸದ್ದಿಲ್ಲದೆ ಬರುವ ಕಾರು ಜನರ ಮೇಲೆ ಹಾಯದಿರಲಿ ಎಂದು ನಿಮ್ಮವರು ಇಟ್ಟ ಸಣ್ಣ ಸ್ಪೀಕರ್ ಅದು. ನಮ್ಮ ಕಾಲಕ್ಕೆ ಊರಿನ ಮಾನವಾಗಿ ಬೆಳೆದಿದೆ. ನಮ್ಮೂರ ಕಾರಿನದು ಹಲಗೆ ಬಡಿಯುವ ಸದ್ದು, ಪಕ್ಕದೂರಿನದು ಸನಾದಿ ಊದುವ ಸದ್ದು. ಹೋದ ವರ್ಷ ಅವರು ಸನಾದಿಯ ದನಿ ಏರಿಸಿದರು. ನಮ್ಮ ಪಂಚರು ಸುಮ್ಮನಿದ್ದಾರೆಯೇ? ನಾನು ಬೇಡವೆಂದು ಬಡಿದುಕೊಂಡರೂ ಹಲಗೆಯನ್ನು ನದಿಯಾಚೆ ಕೇಳುವಷ್ಟು ಏರಿಸಿದರು. "ಏ ಮಡಿವಾಳಪ್ಪ, ನಿನ್ನ ಕಿವಿಗಿಂತ ಊರ ಮಾನ ದೊಡ್ಡದೈತಿ, ಸುಮ್ನ ಕುಂದ್ರೊ" ಎಂದರು. ಆ ಅಬ್ಬರದ ಕೆಳಗೆ ಕಾರಿನ ಹೊಟ್ಟೆಯಲ್ಲಿ ಹುಟ್ಟಿದ ನರಳಿಕೆ ಯಾರಿಗೂ, ನನಗೂ, ಕೇಳಲಿಲ್ಲ.

ಈ ಕಾರು ನಿಂತರೆ ನನ್ನ ಅಣ್ಣನ ಮಗಳು ಕಸ್ತೂರಿ ಸಾಯುತ್ತಾಳೆ. ಅವಳ ಮೂತ್ರಪಿಂಡಗಳು ಕೊಳವೆಬಾವಿಯ ನೀರಿಗೆ ಸೋತಿವೆ. ವಾರಕ್ಕೆರಡು ಸಲ ಸೇತುವೆ ದಾಟಿ ಸೊಲ್ಲಾಪುರದ ಸೋಸುಮನೆಗೆ ಹೋಗಬೇಕು; ಅಲ್ಲಿ ರಕ್ತವನ್ನು ಹೊರತೆಗೆದು ಸೋಸಿ ಮೈಗೆ ಮರಳಿಸುತ್ತಾರೆ. ಅಲ್ಲೇ ಉಳಿಯೋಣವೆಂದರೆ ಹೊರಗಿನವರಿಗೆ ಆ ಊರಿನಲ್ಲಿ ನೀರಿನ ಪಾಲಿಲ್ಲ. ಎತ್ತುಗಳು ಈ ಬಿಸಿಲಿಗೆ ಉಳಿದಿಲ್ಲ. ಪಕ್ಕದೂರಿನ ಕಾರು ಅವರ ರೋಗಿಗಳಿಗೇ ಸಾಲದು.

ಈಚೆಗೆ ಸೇತುವೆಯ ಮೇಲೆ ಕೂಗುಪೆಟ್ಟಿಗೆಯ ತಂತಿ ಕಿತ್ತುಹೋಯಿತು. ಆಗ ಕೇಳಿಸಿತು, ಬೀಸುವ ಕಲ್ಲಿನಂಥ ಗರಗರ. ವೇಗ ಏರಿದರೆ ಸದ್ದೂ ಏರುತ್ತಿತ್ತು. ಕಾರನ್ನು ಎಡಕ್ಕೂ ಬಲಕ್ಕೂ ಹೊರಳಿಸಿದೆ. ಗಾಲಿಯ ಬೇರಿಂಗ್ ಕೆಟ್ಟಿದ್ದರೆ ಭಾರ ಒಂದು ಬದಿಗೆ ಬಿದ್ದಾಗ ಸದ್ದು ಬದಲಾಗಬೇಕು. ಬದಲಾಗಲಿಲ್ಲ. ಮುಂದಕ್ಕೂ ಹಿಂದಕ್ಕೂ ಎಳೆದೆ. ಗಾಲಿಗೆ ಹೋಗುವ ಶಾಫ್ಟ್ ಸಡಿಲವಾಗಿದ್ದರೆ ಕಟ್ ಎನ್ನಬೇಕು. ಎನ್ನಲಿಲ್ಲ. ಮನೆಗೆ ತಂದು ಗಾಲಿಗಳನ್ನು ನೆಲದಿಂದ ಎತ್ತಿ ನಿಲ್ಲಿಸಿ, ಮೋಟಾರು ತಿರುಗಿಸಿ, ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಅದರ ಕವಚಕ್ಕೂ ಹಿಡಿಯನ್ನು ನನ್ನ ಕಿವಿಗೂ ಒತ್ತಿಕೊಂಡೆ. ಕಟ್ಟೆಯ ಮೇಲೆ ಕೂತಿದ್ದ ಕಸ್ತೂರಿ ನಕ್ಕಳು. "ಕಾಕಾ, ಏನ್ ಹೇಳಾಕತ್ತೈತಿ ಅದು? ನನಗಿಂತ ಮೊದಲ ಹೋಗ್ತೈತೇನು?" "ನಿಮ್ಮಿಬ್ಬರಿಗೂ ನೂರು ವರ್ಷ ಅಂತೈತಿ ನೋಡವಾ" ಎಂದೆ. "ಸುಳ್ಳ ಹೇಳೂಮುಂದ ನಿನ್ನ ಮೀಸಿ ಅಳ್ಳಾಡ್ತಾವ" ಎಂದಳು.

ಅಲ್ಲಾಡಿರಬೇಕು. ಮೋಟಾರಿನ ಶಾಫ್ಟನ್ನು ಹೊತ್ತ ಬೇರಿಂಗ್ ಹೋಗಿತ್ತು. ಬಿಚ್ಚಿ ನೋಡಿದರೆ, ಗುಂಡುಗಳು ಉರುಳುವ ನುಣುಪು ಹಾದಿಯ ತುಂಬ ನೇಗಿಲು ಹೊಡೆದ ಹೊಲದಂತೆ ಸಾಲುಸಾಲು ಗೆರೆ. ಶಾಫ್ಟಿಗೆ ಸೋರುವ ಕರೆಂಟನ್ನು ಕವಚಕ್ಕೆ ಇಳಿಸಲು ಸಣ್ಣದೊಂದು ಕಾರ್ಬನ್ ಬ್ರಷ್ ಇರುತ್ತದೆ. ಅದು ಸವೆದರೆ ಕರೆಂಟು ಬೇರಿಂಗಿನೊಳಗಿಂದ ಕಿಡಿಯಾಗಿ ಹಾರಿ ಹೀಗೆ ಕೆತ್ತಿಬಿಡುತ್ತದೆ. ಹಳೆಯ ಟಾರ್ಚಿನ ಸೆಲ್ಲು ಒಡೆದು, ಅದರ ಕಡ್ಡಿ ತಿಕ್ಕಿ ಹೊಸ ಬ್ರಷ್ ಮಾಡಿದೆ. ಇದನ್ನು ಬೇರೆ ಯಾರಾದರೂ ಮಾಡಿ ತೋರಿಸಲಿ, ಮೀಸೆ ಬೋಳಿಸುತ್ತೇನೆ. ಗೇರ್‌ಬಾಕ್ಸಿಗೆ ಬೇರೆ ಎಣ್ಣೆ ಸಿಗದೆ ಔಡಲೆಣ್ಣೆ ಸುರಿದೆ. ಬೇರಿಂಗನ್ನು ಮಾತ್ರ ಮಾಡಲಾರೆ. ಅಷ್ಟು ದುಂಡಗಿನ ಗುಂಡು ಈಗ ಈ ಲೋಕದಲ್ಲಿ ಹುಟ್ಟುವುದಿಲ್ಲ. ಗೆರೆ ಬಿದ್ದದ್ದನ್ನೇ ತೊಳೆದು ಮತ್ತೆ ಕೂರಿಸಿದ್ದೇನೆ. ಸೊಲ್ಲಾಪುರಕ್ಕೆ ಹೋಗಿ ಬಂದಷ್ಟೂ ಸದ್ದು ಒರಟಾಗುತ್ತಿದೆ. ಅದನ್ನು ಕೇಳಲು ಈಗ ನನ್ನ ಕಿವಿಯೇ ಬೇಕೆಂದಿಲ್ಲ. ಕಸ್ತೂರಿಗೂ ಕೇಳುತ್ತದೆ. ಅವಳೇ ಪಂಚರಿಗೆ ಹೇಳಿ ಹಲಗೆಯ ತಂತಿಯನ್ನು ಮತ್ತೆ ಹಾಕಿಸಿಕೊಂಡಿದ್ದಾಳೆ.

ಅದಕ್ಕೇ ಈ ಕಾಗದ. ನಿಮ್ಮ ಕಾರು ಹೊಸ ಸದ್ದು ಮಾಡಿದರೆ ಹಾಡು ನಿಲ್ಲಿಸಿ ಕಿವಿಗೊಡಿ. ಬ್ರಷ್ ಸವೆಯುವ ಮೊದಲು ಬದಲಿಸಿ. ಮತ್ತೆ, ನನಗಾಗಿ ಒಂದು ಕೆಲಸ ಮಾಡಿ. ಅಂಚಿನ ಮೇಲೆ ೬೨೦೮ ಎಂದು ಕೆತ್ತಿರುವ ಒಂದು ಬೇರಿಂಗ್ ತಂದು, ದಪ್ಪಗೆ ಗ್ರೀಸ್ ಮೆತ್ತಿ, ಭರಣಿಯಲ್ಲಿಟ್ಟು, ಬಾಯಿಗೆ ಮೇಣ ಹಾಕಿ, ಧೂಳಖೇಡ ಸೇತುವೆಯ ನಮ್ಮ ಕಡೆಯ ಮೊದಲ ಕಂಬದ ಬುಡದಲ್ಲಿ ಎದೆಯಾಳಕ್ಕೆ ಹೂತಿಡಿ.

ನಾನು ಹುಷಾರಿನವನು. ನೀವು ಹೂತಿಟ್ಟಿದ್ದರೆ ಅದು ಈಗಾಗಲೇ ಅಲ್ಲಿರಬೇಕಲ್ಲವೇ ಎಂದು, ಕಾಗದ ಬರೆಯುವ ಮೊದಲೇ ಹೋಗಿ ಅಗೆದು ನೋಡಿದೆ. ಕಲ್ಲು, ಮರಳು, ಒಂದು ಒಡೆದ ಬಾಟಲಿ. ಬೇರೇನೂ ಇರಲಿಲ್ಲ. ಆದರೆ ಆಗಿನ್ನೂ ನಾನು ನಿಮ್ಮನ್ನು ಕೇಳಿರಲಿಲ್ಲ. ಈಗ ಕೇಳಿದ್ದೇನೆ. ಕಾಗದ ಮಡಿಸಿಟ್ಟು ಸಲಿಕೆ ತೆಗೆದುಕೊಂಡು ಮತ್ತೆ ಹೊರಡುತ್ತೇನೆ. ಇವತ್ತು ಸೋಸುಮನೆಯಲ್ಲಿ ಕಸ್ತೂರಿಯ ಸರದಿ. ಆಗಲೇ ಕಾರಿನಲ್ಲಿ ಹೋಗಿ ಕೂತಿದ್ದಾಳೆ.

ನಿಮ್ಮವನು,
ಮಡಿವಾಳಪ್ಪ